ಹತ್ತು ಮೀಟರಿನ ರೈಫಲ್‌ಗೆ ಎಷ್ಟು ದುಡ್ಡು?



ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಫಲಕದ ನಟ್ಟನಡುವೆ ಹತ್ತು ಅಂಕದ ಚುಕ್ಕೆ ಇರುತ್ತದೆ. ಅದರ ಅಗಲ ಅರ್ಧ ಮಿಲಿಮೀಟರ್. ಬಾಲ್‌ಪೆನ್ನಿನ ತುದಿಯನ್ನು ಕಾಗದಕ್ಕೆ ಮುಟ್ಟಿಸಿ ಎತ್ತಿದರೆ ಮೂಡುವಷ್ಟು. 2008ರ ಆಗಸ್ಟಿನಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಗಳಿಸಿ, ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಈ ಸ್ಪರ್ಧೆಯಲ್ಲಿ. ಅದಕ್ಕೂ ಮುಂಚೆ, 2004ರಲ್ಲಿ, ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ನಾನೂರಕ್ಕೆ ನಾನೂರು ಅಂಕ ಹೊಡೆದಿದ್ದರು. 2023ರಲ್ಲಿ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ ಹದಿನಾಲ್ಕನೆಯ ವಯಸ್ಸಿನಲ್ಲೇ ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಳು.

ಇಂಥ ಸುದ್ದಿ ಬಂದಾಗಲೆಲ್ಲ ಒಂದಷ್ಟು ಮನೆಗಳಲ್ಲಿ ಮಾತು ಶುರುವಾಗುತ್ತದೆ. ಮಗನೋ ಮಗಳೋ ಶೂಟಿಂಗ್ ಕಲಿಯುತ್ತೇನೆ ಅನ್ನುತ್ತಾರೆ. ಅಪ್ಪ ಅಮ್ಮ ಮೊದಲು ಕೇಳುವ ಪ್ರಶ್ನೆ, ಯಾವ ರೈಫಲ್ ಕೊಡಿಸೋಣ, ಎಷ್ಟಾಗುತ್ತದೆ? ರೈಫಲನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿ ಅನ್ನುವುದು ನನ್ನ ಉತ್ತರ. ಯಾಕೆ ಅನ್ನುವುದನ್ನು ಈ ಗುರಿಫಲಕದ ಲೆಕ್ಕದಿಂದಲೇ ನೋಡಬಹುದು.

ಫಲಕದಲ್ಲಿ ಒಂದು ವೃತ್ತದಿಂದ ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರ್ ಅಂತರ. ಏರ್ ರೈಫಲ್‌ನ ಗುಂಡಾದ ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರ್. ಅದರ ಅಂಚು ನಡುವಿನ ಚುಕ್ಕೆಯನ್ನು ಸವರಿದರೂ ಹತ್ತು ಸಿಗುತ್ತದೆ. ಈಗ ಎಲೆಕ್ಟ್ರಾನಿಕ್ ಫಲಕಗಳಲ್ಲಿ ಹತ್ತನ್ನೂ ಮತ್ತೆ ದಶಾಂಶಗಳಾಗಿ ಒಡೆದು 10.9ರವರೆಗೆ ಎಣಿಸುತ್ತಾರೆ, ಒಂದೊಂದು ದಶಾಂಶಕ್ಕೂ ಕಾಲು ಮಿಲಿಮೀಟರ್. ಸ್ಪರ್ಧೆಗೆಂದೇ ಮಾಡಿದ ಒಳ್ಳೆಯ ಮ್ಯಾಚ್ ರೈಫಲನ್ನು ಅಲುಗದಂತೆ ಬಿಗಿದು ಹತ್ತು ಗುಂಡು ಹಾರಿಸಿದರೆ ಹತ್ತೂ ಒಂದೇ ತೂತಿನೊಳಗೆ ಹೋಗುತ್ತವೆ, ತೂತು ಚೂರೇ ಚೂರು ಹಿಗ್ಗಿರುತ್ತದೆ. ಹೊಸದಾಗಿ ಕಲಿಯುವವರ ಗುಂಡುಗಳಾದರೋ ಆರು, ಏಳು, ಎಂಟರ ವೃತ್ತಗಳಲ್ಲಿ ಚೆಲ್ಲಾಡಿರುತ್ತವೆ. ಅಂದರೆ ನಡುವಿನಿಂದ ಒಂದು ಸೆಂಟಿಮೀಟರಿನಷ್ಟು ಆಚೆ. ಬಂದೂಕಿನ ತಪ್ಪು ಒಂದು ಮಿಲಿಮೀಟರಿನ ಆಸುಪಾಸು, ಹಿಡಿದವರ ತಪ್ಪು ಅದರ ಹತ್ತರಷ್ಟು. ಲಕ್ಷಾಂತರ ರೂಪಾಯಿ ಸುರಿದು ಆ ಒಂದು ಮಿಲಿಮೀಟರನ್ನು ಇನ್ನೂ ತಗ್ಗಿಸಲು ಹೊರಟರೆ ಉಳಿದ ಒಂಬತ್ತು ಹಾಗೇ ಕೂತಿರುತ್ತವೆ.

ಹಾಗಂತ ಅಗ್ಗದ್ದು ಯಾವುದಾದರೂ ನಡೆಯುತ್ತದೆ ಎಂದಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರಿಂಗ್ ಏರ್‌ಗನ್ ಈ ಕಲಿಕೆಗೆ ಒಗ್ಗುವುದಿಲ್ಲ. ಟ್ರಿಗರ್ ಒತ್ತಿದೊಡನೆ ಅದರೊಳಗೆ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗಿ ಬಡಿಯುತ್ತದೆ. ಪೆಲೆಟ್ಟು ನಳಿಗೆಯಿಂದ ಹೊರಬೀಳುವ ಮುಂಚೆಯೇ ಇಡೀ ಬಂದೂಕು ಕುಲುಕಿಬಿಟ್ಟಿರುತ್ತದೆ. ಗುಂಡು ಪಕ್ಕಕ್ಕೆ ಹೋದದ್ದು ತನ್ನ ಉಸಿರಿನಿಂದಲೋ ಬಂದೂಕಿನ ಕುಲುಕಿನಿಂದಲೋ ಮಗುವಿಗೆ ತಿಳಿಯುವ ದಾರಿಯೇ ಇಲ್ಲ. ತಿಳಿಯದಿದ್ದರೆ ತಿದ್ದಿಕೊಳ್ಳುವುದು ಹೇಗೆ? ಇವತ್ತಿನ ಮ್ಯಾಚ್ ರೈಫಲ್‌ಗಳಲ್ಲಿ ಸ್ಪ್ರಿಂಗ್‌ನ ಜಾಗಕ್ಕೆ ಗಾಳಿಯ ಸಿಲಿಂಡರ್ ಬಂದಿದೆ. ಸುಮಾರು 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿಡುತ್ತಾರೆ. ಒಳಗಿನ ರೆಗ್ಯುಲೇಟರ್ ಆ ಒತ್ತಡವನ್ನು ತಗ್ಗಿಸಿ, ಮೊದಲ ಗುಂಡಿಗೂ ಅರವತ್ತನೆಯ ಗುಂಡಿಗೂ ಒಂದೇ ಅಳತೆಯ ಗಾಳಿ ಕೊಡುತ್ತದೆ. ಕುಲುಕು ಇಲ್ಲವೆನ್ನುವಷ್ಟು ಕಡಿಮೆ. ಇಂಥ ರೈಫಲ್‌ನಲ್ಲಿ ಆದ ತಪ್ಪು ನನ್ನದೇ ಎಂದು ಕಲಿಯುವವರು ನಂಬಬಹುದು. ಬೆಲೆ ಕೊಟ್ಟು ಕೊಳ್ಳುವುದು ಆ ನಂಬಿಕೆಯನ್ನೇ.

ಜರ್ಮನಿಯ ವಾಲ್ಟರ್, ಆನ್‌ಶುಟ್ಸ್, ಫೈನ್‌ವೆರ್ಕ್‌ಬೌ, ಆಸ್ಟ್ರಿಯಾದ ಸ್ಟೇಯರ್ ಈ ಲೋಕದ ದೊಡ್ಡ ಹೆಸರುಗಳು. ಇವುಗಳ ಹೊಸ ರೈಫಲ್‌ಗೆ ನಮ್ಮಲ್ಲಿ ಸುಮಾರು ಎರಡು ಲಕ್ಷದಿಂದ ಶುರು, ಮೇಲಕ್ಕೆ ಮಿತಿಯಿಲ್ಲ. ಮೊದಲ ಆರು ತಿಂಗಳು ಕ್ಲಬ್ಬಿನ ರೈಫಲ್‌ನಲ್ಲೇ ಹೊಡೆಯಲಿ ಎನ್ನುತ್ತೇನೆ. ಮಕ್ಕಳಿಗೆ ಆಸಕ್ತಿ ಉಳಿಯುತ್ತದೋ ಇಲ್ಲವೋ ಅನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ಹದಿಮೂರರ ಹುಡುಗಿಯ ಕೈ, ಕುತ್ತಿಗೆ, ಭುಜ ಹದಿನೈದಕ್ಕೆ ಹಾಗೇ ಇರುವುದಿಲ್ಲ.

ರೈಫಲ್ ಮೈಗೆ ಹೊಂದಬೇಕು ಎಂದರೆ ಏನೆಂದು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಬಲಗೈಯವರಾದರೆ ಎಡ ಮೊಣಕೈಯನ್ನು ಪಕ್ಕೆಗೆ ಒರಗಿಸಿ, ಸೊಂಟದ ಮೂಳೆಯ ಮೇಲೆ ಊರುತ್ತಾರೆ. ರೈಫಲ್‌ನ ಭಾರವನ್ನು ತೋಳಿನ ಸ್ನಾಯು ಹೊರಬಾರದು, ಮೂಳೆ ಹೊರಬೇಕು. ಸ್ನಾಯು ದಣಿದು ನಡುಗುತ್ತದೆ, ಮೂಳೆ ನಡುಗುವುದಿಲ್ಲ. ಹಿಂಬದಿಯ ಬಟ್ ಪ್ಲೇಟ್ ಭುಜದ ಗುಳಿಯಲ್ಲಿ ಕೂರಬೇಕು. ತಲೆಯನ್ನು ನೆಟ್ಟಗೇ ಇಟ್ಟುಕೊಂಡು ಕೆನ್ನೆಯನ್ನು ಚೀಕ್‌ಪೀಸಿನ ಮೇಲೆ ಇಳಿಬಿಟ್ಟರೆ ಕಣ್ಣು ತಾನಾಗಿ ಡಯಾಪ್ಟರ್‌ನ, ಅಂದರೆ ಗುರಿ ನೋಡುವ ಹಿಂಬದಿಯ ಸಾಧನದ, ಸಣ್ಣ ಕಿಂಡಿಯ ಹಿಂದೆ ಬರಬೇಕು. ಈಗ ಕಣ್ಣು ಮುಚ್ಚಿ, ಒಂದೆರಡು ಸಲ ನಿಧಾನವಾಗಿ ಉಸಿರು ಬಿಟ್ಟು, ಕಣ್ಣು ತೆರೆಯಲಿ. ನಳಿಗೆಯ ತುದಿಯ ಉಂಗುರದೊಳಗೆ ಕಪ್ಪು ಗುರಿ ಇನ್ನೂ ನಡುವಿನಲ್ಲೇ ಇದ್ದರೆ ರೈಫಲ್ ಹೊಂದಿದೆ. ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ತಳ್ಳಿ ಸರಿಮಾಡುವುದಲ್ಲ, ಪಾದ ಸರಿಸಬೇಕು. ಕುತ್ತಿಗೆ ಚಾಚಿಯೇ ನೋಡಬೇಕಾಗಿ ಬಂದರೆ ಆ ರೈಫಲ್‌ನ ಚೀಕ್‌ಪೀಸು, ಬಟ್ಟಿನ ಉದ್ದ ಎರಡನ್ನೂ ಹೊಂದಿಸಲು ಸಾಧ್ಯವೇ ಎಂದು ಮೊದಲು ನೋಡಿ. ಆಗದಿದ್ದರೆ ಎಷ್ಟು ದೊಡ್ಡ ಹೆಸರಿನದ್ದಾದರೂ ಬೇಡ. ಭಾರವನ್ನೂ ನೋಡಿ. ನಿಯಮದ ಗರಿಷ್ಠ ಮಿತಿ ಐದೂವರೆ ಕಿಲೋ. ಸಣ್ಣ ಮೈಯವರಿಗೆ ಅಷ್ಟು ಭಾರ ಬೇಕಿಲ್ಲ.

ಇನ್ನು ದುಡ್ಡು ನಿಜವಾಗಿ ಹೋಗುವ ಜಾಗಕ್ಕೆ ಬರೋಣ. ಮ್ಯಾಚ್ ಪೆಲೆಟ್ಟುಗಳು 500ರ ಡಬ್ಬಿಯಲ್ಲಿ ಬರುತ್ತವೆ. ದಿನಕ್ಕೆ ನೂರು ಗುಂಡಿನಂತೆ ವಾರಕ್ಕೆ ನಾಲ್ಕು ದಿನ ಅಭ್ಯಾಸ ಮಾಡಿದರೆ ವರ್ಷಕ್ಕೆ ಸುಮಾರು ಇಪ್ಪತ್ತು ಸಾವಿರ ಗುಂಡು, ನಲವತ್ತು ಡಬ್ಬಿ. ಡಬ್ಬಿಗೆ ಸಾವಿರ ರೂಪಾಯಿ ಎಂದೇ ಹಿಡಿದರೂ ನಲವತ್ತು ಸಾವಿರ, ಅದೂ ವರ್ಷ ವರ್ಷ. ಅದರ ಮೇಲೆ ಗಟ್ಟಿ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್ಟು, ಪ್ಯಾಂಟು, ಬೂಟು, ಗ್ಲೌಸು. ಬೆನ್ನನ್ನು ಆಧರಿಸಿ ಹಿಡಿಯುವ ಜಾಕೆಟ್ಟು ಹೊಸಬರ ಅಂಕವನ್ನು ಏರಿಸುವಷ್ಟು ಸಲೀಸಾಗಿ ಹೊಸ ರೈಫಲ್ ಏರಿಸಲಾರದು. ರೇಂಜಿನ ಶುಲ್ಕ, ಕೋಚಿನ ಶುಲ್ಕ, ಸ್ಪರ್ಧೆಗಳಿಗೆ ಓಡಾಟದ ಖರ್ಚು ಬೇರೆ. ಎಲ್ಲ ದುಡ್ಡನ್ನೂ ಬಂದೂಕಿಗೇ ಸುರಿದು ಆಮೇಲೆ ಪೆಲೆಟ್ಟನ್ನು ಎಣಿಸಿ ಎಣಿಸಿ ಹೊಡೆಯುವ ಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಎರಡು ವರ್ಷಕ್ಕೆ ಒಟ್ಟು ಎಷ್ಟು ಕೊಡಬಲ್ಲಿರಿ ಎಂದು ಮೊದಲು ಮನೆಯಲ್ಲಿ ಕೂತು ಮಾತಾಡಿ. ಅದರ ಅರ್ಧಕ್ಕಿಂತ ಹೆಚ್ಚು ರೈಫಲ್‌ಗೆ ಬೇಡ. ಆ ಅರ್ಧದಲ್ಲಿ ಹೊಸದು ಬರದಿದ್ದರೆ ಬಳಸಿದ ಮ್ಯಾಚ್ ರೈಫಲ್ ಕೊಳ್ಳಲು ಸಂಕೋಚಪಡಬೇಡಿ. ಒಳ್ಳೆಯ ನಳಿಗೆಯೊಳಗೆ ಮೆತ್ತನೆಯ ಸೀಸದ ಪೆಲೆಟ್ಟು ಲಕ್ಷ ಸಲ ಹಾದರೂ ಅದು ಬೇಗ ಸವೆಯುವುದಿಲ್ಲ. 1970ರ ದಶಕದ ಫೈನ್‌ವೆರ್ಕ್‌ಬೌ 300 ಎಸ್ ಸ್ಪ್ರಿಂಗಿನದ್ದೇ ಆದರೂ ಕುಲುಕನ್ನು ಒಳಗಿನ ಜಾರುಹಳಿಯೇ ನುಂಗುವಂತೆ ಮಾಡಿದ ರೈಫಲ್. ಸುಸ್ಥಿತಿಯಲ್ಲಿದ್ದರೆ ಅದು ಇವತ್ತಿಗೂ ಹತ್ತರ ಮೇಲೆ ಹತ್ತು ಹೊಡೆಯುತ್ತದೆ.

ಬಳಸಿದ್ದನ್ನು ಕೊಳ್ಳುವಾಗ ಸಿಲಿಂಡರಿನ ಮೇಲೆ ಅಚ್ಚಾಗಿರುವ ದಿನಾಂಕ ನೋಡಿ. ಅವಧಿ ಮುಗಿದ ಸಿಲಿಂಡರ್ ಅಪಾಯ; ಸ್ಪರ್ಧೆಯಲ್ಲೂ ಒಪ್ಪುವುದಿಲ್ಲ. ಹೊಸ ಸಿಲಿಂಡರಿನ ಬೆಲೆಯನ್ನು ಕೇಳಿದ ಬೆಲೆಯಿಂದ ಕಳೆಯಿರಿ. ರಾತ್ರಿ ಗಾಳಿ ತುಂಬಿಟ್ಟು ಬೆಳಿಗ್ಗೆ ಮೀಟರ್ ನೋಡಿ, ಸೋರಿಕೆ ಗೊತ್ತಾಗುತ್ತದೆ. ಡಯಾಪ್ಟರ್‌ನ ತಿರುಪನ್ನು ಹತ್ತು ಕ್ಲಿಕ್ ಆಚೆ, ಹತ್ತು ಕ್ಲಿಕ್ ಈಚೆ ತಿರುಗಿಸಿ ಗುಂಡು ಮೊದಲಿನ ಜಾಗಕ್ಕೇ ಮರಳುತ್ತದೋ ಪರೀಕ್ಷಿಸಿ. ಕೋಚನ್ನು ಜೊತೆಗೆ ಕರೆದುಕೊಂಡು ಹೋಗಿ.

ಕಾನೂನಿನ ಮಾತು ಒಂದಿಷ್ಟು. 4.5 ಮಿಲಿಮೀಟರ್ ನಳಿಗೆಯ, 20 ಜೂಲ್‌ ಶಕ್ತಿಯ ಮಿತಿಯೊಳಗಿನ ಏರ್ ರೈಫಲ್‌ಗೆ ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ಗಳೆಲ್ಲ ಇದರೊಳಗೇ ಬರುತ್ತವೆ. ಐವತ್ತು ಮೀಟರಿನ ಪಾಯಿಂಟ್ ಟೂಟೂ ಮದ್ದಿನ ರೈಫಲ್, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಸ್ಪರ್ಧೆಯದ್ದು, ಪರವಾನಗಿಯ ವ್ಯವಹಾರ. ಅದು ಏರ್ ರೈಫಲ್ ಕೈಗೆ ಹತ್ತಿದ ಮೇಲಿನ ಹೆಜ್ಜೆ. ಪರವಾನಗಿ ಬೇಡವೆಂದ ಮಾತ್ರಕ್ಕೆ ಏರ್ ರೈಫಲ್ ಆಟಿಕೆಯಲ್ಲ. ಪೆಲೆಟ್ಟು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ಮನೆಯಲ್ಲಿ ರೈಫಲನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ, ಪೆಲೆಟ್ಟಿನ ಡಬ್ಬಿಯನ್ನು ಬೇರೆ ಕಡೆ ಇಡಿ. ಪೆಲೆಟ್ಟು ಸೀಸದ್ದಾದ್ದರಿಂದ ಅಭ್ಯಾಸ ಮುಗಿಸಿ ಸೋಪು ಹಾಕಿ ಕೈ ತೊಳೆಯದೆ ಮಕ್ಕಳು ಊಟದ ಡಬ್ಬಿ ಮುಟ್ಟಬಾರದು.