ಕಾರಿನ ದೀಪ ಆರಿಸಿದಿರಾ?

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)

ಸಾಫ್ಟ್‌ವೇರ್‌ನವಳು ಕಾರಿನ ಬ್ಯಾಟರಿ ಬಗ್ಗೆ ಮಾತಾಡ್ತಾಳಂತೆ ಎಂದು ಕೆಲವರು ನಕ್ಕಿದ್ದು ಕೇಳಿಸಿತು. ನಗಿ, ಪರವಾಗಿಲ್ಲ. ಆದರೆ ಎರಡು ವರ್ಷದ ಹಿಂದಿನ ಆ ಜುಲೈ ರಾತ್ರಿ ನನಗೆ ನಗು ಬಂದಿರಲಿಲ್ಲ.

ಪುಣೆಯ ಮಳೆ ನಿಮಗೆ ಗೊತ್ತೇ ಇದೆ. ಸಂಜೆ ಏಳಕ್ಕೆ ಮನೆಗೆ ಬಂದೆ. ಒಂದು ಕೈಯಲ್ಲಿ ಛತ್ರಿ, ಹೆಗಲ ಮೇಲೆ ನಿದ್ದೆ ಹೋದ ಮಗಳು. ಬಾಗಿಲು ತೆರೆದಾಗ ಕಾರು ಏನೋ ಸದ್ದು ಮಾಡಿತ್ತು, ಕಿವಿಗೆ ಹಾಕಿಕೊಳ್ಳದೆ ಓಡಿದೆ. ರಾತ್ರಿ ಎರಡಕ್ಕೆ, ಧಾರವಾಡದಿಂದ ಬಂದಿದ್ದ ಅವ್ವನಿಗೆ ಉಬ್ಬಸ ಏರಿತು. ಯಜಮಾನರು ಊರಲ್ಲಿರಲಿಲ್ಲ. ಕೀ ತಿರುಗಿಸಿದರೆ ಕಾರು ಸದ್ದೇ ಇಲ್ಲ. ಎಂ.ಟೆಕ್. ಮಾಡಿದವಳಿಗೆ ಬಾನೆಟ್ ಎತ್ತುವ ಲಿವರ್ ಎಲ್ಲಿದೆ ಎಂದೂ ಗೊತ್ತಿರಲಿಲ್ಲ! ಪಕ್ಕದ ಮನೆಯ ಕಾಕು ತಮ್ಮ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅವ್ವ ಚೇತರಿಸಿಕೊಂಡಳು. ಆದರೆ ಆ ಇಪ್ಪತ್ತು ನಿಮಿಷ ನಾನು ಮರೆತಿಲ್ಲ.

ಲೆಕ್ಕ ಸುಲಭ. ಚಿಕ್ಕ ಕಾರಿನ ಬ್ಯಾಟರಿ 12 ವೋಲ್ಟ್, ಸುಮಾರು 35 ಆಂಪಿಯರ್-ಅವರ್. ಹ್ಯಾಲೊಜೆನ್ ಹೆಡ್‌ಲೈಟ್ ಒಂದಕ್ಕೆ ಸುಮಾರು 55 ವ್ಯಾಟ್. ಎರಡೂ ಸೇರಿ 9 ಆಂಪಿಯರ್ ಎಳೆಯುತ್ತವೆ. ನಾಲ್ಕು ಗಂಟೆಯಲ್ಲಿ ಬ್ಯಾಟರಿ ಬರಿದು. ಕೆಲವು ಕಾರುಗಳಲ್ಲಿ ಕೀ ತೆಗೆದರೆ ಹೆಡ್‌ಲೈಟ್ ಆರುತ್ತದೆ, ಪಾರ್ಕಿಂಗ್ ಲೈಟ್ ಆರುವುದಿಲ್ಲ. 5 ವ್ಯಾಟಿನ ನಾಲ್ಕೈದು ಬಲ್ಬುಗಳೇ ಹತ್ತು ಗಂಟೆಯಲ್ಲಿ ಅರ್ಧ ಬ್ಯಾಟರಿ ತಿನ್ನುತ್ತವೆ. ಹಳೆಯ ಬ್ಯಾಟರಿ ಮಲಗಲು ಅಷ್ಟೇ ಸಾಕು. ಪೂರ್ತಿ ಬರಿದಾದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದರ ಆಯುಸ್ಸೂ ಕಡಿಮೆಯಾಗುತ್ತದೆ.

ಈಗ ನನ್ನ ರೂಢಿ ಹೀಗಿದೆ:

1. ಮೊದಲು ಲೈಟ್ ಸ್ವಿಚ್ ಆಫ್, ಆಮೇಲೆ ಕೀ. 'ಆಟೋ' ಇರುವ ಕಾರಾದರೆ ಅದರಲ್ಲೇ ಬಿಡಿ.

2. ಬಾಗಿಲು ತೆರೆದಾಗ ಬಝರ್ ಕೂಗಿದರೆ, ಕಾರಣ ಸಿಗುವವರೆಗೆ ಇಳಿಯುವುದಿಲ್ಲ.

3. ಲಾಕ್ ಮಾಡಿ ಹತ್ತು ಹೆಜ್ಜೆ ನಡೆದು ಒಮ್ಮೆ ತಿರುಗಿ ನೋಡುತ್ತೇನೆ. ಹಗಲು ಮಳೆಯಲ್ಲಿ, ಎಕ್ಸ್‌ಪ್ರೆಸ್‌ವೇ ಸುರಂಗದಲ್ಲಿ ಹಾಕಿದ ಲೈಟು ಬಿಸಿಲಲ್ಲಿ ಕಣ್ಣಿಗೇ ಬೀಳುವುದಿಲ್ಲ.

4. ಒಳಗಿನ ದೀಪದ ಸ್ವಿಚ್ 'ಡೋರ್' ಗುರುತಿನಲ್ಲಿರಲಿ. ಮಕ್ಕಳು ಅದನ್ನು 'ಆನ್' ಮಾಡಿರುತ್ತಾರೆ! ಡಿಕ್ಕಿ ಸರಿಯಾಗಿ ಮುಚ್ಚಿದೆಯೇ ನೋಡಿ.

5. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇದೆ. ಎರಡೂ ಕಾರು ಆಫ್ ಇರಲಿ. ಕೆಂಪು ತಂತಿ ಬರಿದಾದ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ತಂತಿ ಒಳ್ಳೆಯದರ ಮೈನಸ್‌ಗೆ. ಅದರ ಕೊನೆಯ ತುದಿ ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೆ ಬ್ಯಾಟರಿಯ ಹೈಡ್ರೋಜನ್ ಹೊತ್ತಬಾರದೆಂದು ಈ ಕ್ರಮ. ಒಳ್ಳೆಯ ಕಾರನ್ನು ಮೊದಲು ಸ್ಟಾರ್ಟ್ ಮಾಡಿ, ಕೆಲವು ನಿಮಿಷ ಬಿಟ್ಟು ನಿಂತದ್ದನ್ನು. ತಂತಿಗಳನ್ನು ಹಿಂದುಮುಂದಾಗಿ ತೆಗೆಯಿರಿ. ನಿಮ್ಮ ಕಾರಿನ ಮ್ಯಾನುಯಲ್ ಒಮ್ಮೆ ಓದಿಡಿ.

"ಗಾಡಿ ವಿಷಯ ಅವರು ನೋಡ್ಕೋತಾರೆ" ಎನ್ನುವುದು ನಮ್ಮಲ್ಲಿ ಅನೇಕರ ಮಾತು. ಅವರು ಊರಲ್ಲಿಲ್ಲದ ರಾತ್ರಿಯೂ ಇರುತ್ತದಲ್ಲ? ಈ ಭಾನುವಾರ ನಿಮ್ಮ ಬಾನೆಟ್ಟನ್ನು ನೀವೇ ಒಮ್ಮೆ ಎತ್ತಿ ನೋಡಿ.

ಹೊರಗೆ ಮಳೆ ಬರುತ್ತಿದೆ. ಕಾರಿನಲ್ಲಿ ಬಂದವರೆಲ್ಲ ಲೈಟ್ ಆರಿಸಿದ್ದೀರಿ ತಾನೆ?