ವೋಟು ಕೇಳೋರನ್ನ ಕೇಳಿ: ಆಸ್ಪತ್ರೆ ಬಿಲ್ಲು ಯಾರು ಕಟ್ಟಬೇಕು?

(ಹೊರಕೆರೆದೇವಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ ಬಿದ್ದು ಸಾಲಗಾರರಾದವರು ನಮ್ಮಲ್ಲಿ ಬಹಳ ಮಂದಿ. ಆದರೆ ಬೆಲೆ ಸಿಕ್ಕ ವರ್ಷವೂ ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಸಾಲ ತಪ್ಪೋದಿಲ್ಲ. 2019ರಲ್ಲಿ ನನ್ನ ತಮ್ಮನಿಗೆ ಹೃದಯದ ಆಪರೇಷನ್ ಆಯಿತು. ಎರಡು ಎಕರೆ ಅಡಿಕೆ ತೋಟ ಭೋಗ್ಯಕ್ಕೆ ಹೋಯಿತು. "ನೀವು ಜಮೀನುದಾರರು, ಬಿ.ಪಿ.ಎಲ್. ಕಾರ್ಡಿಲ್ಲ" ಅಂದರು. ಜಮೀನಿದೆ ಸ್ವಾಮಿ, ರೊಕ್ಕ ಎಲ್ಲಿದೆ?

ಯಶಸ್ವಿನಿಗೆ ನಾವು ವರ್ಷಗಟ್ಟಲೆ ಕಟ್ಟಿದವರು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ಕೊಟ್ಟು ಶುರುವಾದ ಯೋಜನೆ ಅದು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಅಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎ.ಪಿ.ಎಲ್.ನವರಿಗೆ ಸರ್ಕಾರ ಕೊಡೋದು ನಿಗದಿಯಾದ ದರದ ನೂರಕ್ಕೆ 30 ಮಾತ್ರ, ಮಿಕ್ಕಿದ್ದು ನಮ್ಮ ಜೇಬಿನದು. 2023ರ ಜನವರಿಯಲ್ಲಿ ಯಶಸ್ವಿನಿ ಮತ್ತೆ ಬಂತು. ನಡುವೆ ಕಾಯಿಲೆ ಬಿದ್ದವನ ತೋಟ ಮಾತ್ರ ವಾಪಸ್ ಬರಲಿಲ್ಲ.

ಈಗ ಪಕ್ಷಗಳ ಮಾತು ನೋಡೋಣ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳಲ್ಲಿ ಆಸ್ಪತ್ರೆ ಇರಲಿಲ್ಲ. ಬಿ.ಜೆ.ಪಿ. ನಗರದ ವಾರ್ಡುಗಳಿಗೆ ನಮ್ಮ ಕ್ಲಿನಿಕ್ ಅಂದಿತು. ಜೆ.ಡಿ.ಎಸ್. ಪಂಚಾಯಿತಿಗೊಂದು 30 ಹಾಸಿಗೆ ಆಸ್ಪತ್ರೆ ಅಂದಿತು. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 25 ಲಕ್ಷದ ವಿಮೆ ಅಂದರೆ, ಬಿ.ಜೆ.ಪಿ. 70 ವರ್ಷ ಆದವರಿಗೆಲ್ಲಾ 5 ಲಕ್ಷದ ಚಿಕಿತ್ಸೆ ಅಂದಿತು. ಕಟ್ಟಡ, ಕಾರ್ಡು, ವಿಮೆ ಎಲ್ಲಾ ಬಂತು. ಬಡವ, ಜಮೀನುದಾರ ಅನ್ನದೆ ಎಲ್ಲರ ಬಿಲ್ಲನ್ನೂ ತೆರಿಗೆಯ ಒಂದೇ ಬೊಕ್ಕಸದಿಂದ ಕಟ್ಟುತ್ತೇವೆ ಅನ್ನೋದು ಇವರ ದೊಡ್ಡ ಭರವಸೆಗಳಲ್ಲಿ ಎಲ್ಲಿದೆ?

ಇದು ಆಗದ ಮಾತೇನಲ್ಲ. ಕೆನಡಾದ ಸಸ್ಕಾಚೆವಾನ್ ಗೋಧಿ ಬೆಳೆಯುವ ರೈತರ ಸೀಮೆ. ಅಲ್ಲಿ ಟಾಮಿ ಡಗ್ಲಸ್ ಅವರ ಪಕ್ಷ 1960ರ ಚುನಾವಣೆಗೆ ಮುಂಚೆಯೇ ಇದನ್ನು ಬಾಯಿಬಿಟ್ಟು ಹೇಳಿ ಗೆದ್ದಿತು. 1962ರ ಜುಲೈ 1ರಂದು ಯೋಜನೆ ಜಾರಿಯಾದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು. ಸರ್ಕಾರ ಯೋಜನೆ ಕೈಬಿಡಲಿಲ್ಲ. 1966ರಲ್ಲಿ ಇಡೀ ಕೆನಡಾಕ್ಕೇ ಕಾನೂನು ಬಂತು.

ಆದ್ದರಿಂದ ಅಭ್ಯರ್ಥಿ ನಿಮ್ಮ ಜಗಲಿಗೆ ಬಂದಾಗ ಹಾರ ಹಾಕೋ ಮುಂಚೆ ಮೂರು ಮಾತು ಕೇಳಿ. ಎ.ಪಿ.ಎಲ್. ರೈತನೂ ಇದರೊಳಗೆ ಪೂರ್ತಿ ಸೇರುತ್ತಾನೋ? ದುಡ್ಡು ಎಲ್ಲಿಂದ ತರುತ್ತೀರಿ? ಸರ್ಕಾರ ಬದಲಾದರೂ ನಿಲ್ಲದಂತೆ ಕಾನೂನು ಮಾಡುತ್ತೀರೋ? "ನೋಡೋಣ, ಮಾಡೋಣ" ಅಂದರೆ ಅದು ಇಲ್ಲ ಅಂತಲೇ ಲೆಕ್ಕ. ಹೌದು ಅಂದರೆ ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ. ಸಾಲ ಕೊಡುವವರು ನಮ್ಮಿಂದ ಹಾಗೇ ತಾನೇ ಬರೆಸಿಕೊಳ್ಳೋದು?