ರೋಗಕ್ಕಿಂತ ಮುಂಚೆ ಬಂದ ಹಸಿವು
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ರೈತನ ಮನೆಯಲ್ಲಿ ಅನ್ನಕ್ಕೇನು ಕೊರತೆ ಎಂದು ಪೇಟೆಯಲ್ಲಿ ಕೇಳುವವರುಂಟು. 2015-16ರ ಕೃಷಿ ಗಣತಿಯಂತೆ ದೇಶದ ನೂರು ಹಿಡುವಳಿಗಳಲ್ಲಿ 86 ಐದು ಎಕರೆಯೊಳಗಿನವು. ಇಂಥ ಎಷ್ಟೋ ಮನೆಗಳು ಟೊಮೆಟೊ, ಹೂವು ಮಾರಿ ಜೋಳ, ಬೇಳೆ ಕೊಳ್ಳುತ್ತವೆ. ಸಾಲದ್ದನ್ನು ಪೇಟೆಗೆ ಹೋದ ಮಗನ ಕೂಲಿ ತುಂಬಬೇಕು.

2020ರ ಮಾರ್ಚ್ 25ರಂದು ದೇಶಕ್ಕೇ ಬೀಗ ಬಿತ್ತು. ಸಂತೆ ನಿಂತಿತು, ಟೊಮೆಟೊ ಹೊಲದಲ್ಲೇ ಕೊಳೆಯಿತು. ಗಿರಣಿ ಮುಚ್ಚಿತು, ಮಗ ಬರಿಗೈಲಿ ಊರಿಗೆ ಬಂದ. ದುಡಿಮೆ ತಗ್ಗಿತು, ಉಣ್ಣುವ ಬಾಯಿ ಹೆಚ್ಚಿತು. ಮೊದಲು ಬೇಳೆ ಹೋಯಿತು, ಆಮೇಲೆ ತಾಯಿಯ ತುತ್ತು, ಕೊನೆಗೆ ಬಿತ್ತನೆಗೆಂದು ಇಟ್ಟ ಕಾಸು.

ಏಪ್ರಿಲಿನಿಂದ ಕಾರ್ಡುದಾರರಿಗೆ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಸಿಕ್ಕಿತು. ಅದು ಅನೇಕರನ್ನು ಕಾಪಾಡಿತು, ಒಪ್ಪೋಣ. ಆದರೆ ಕಾರ್ಡಿಲ್ಲದ ವಲಸೆ ಕೂಲಿಗೆ ಕೇಂದ್ರ ಸರಕಾರ ಧಾನ್ಯ ಘೋಷಿಸಿದ್ದು ಮೇ 14ಕ್ಕೆ! ಸರಕಾರಿ ಉಗ್ರಾಣ ತುಂಬಿ ತುಳುಕುತ್ತಿತ್ತು. ಹಸಿದ ಹೊಟ್ಟೆ ಏಳು ವಾರ ಕಾಯುವುದೇ?

ಅಂಗಡಿಕಾರ ಮಿತ್ರರೇ, ಆ ದಿನಗಳ ಉದ್ರಿ ಪುಸ್ತಕ ತೆಗೆದು ನೋಡಿ. ರೈತನ ಕೈ ಬರಿದಾದರೆ ನಿಮ್ಮ ತಕ್ಕಡಿಯೂ ಏಳದು. ಆದ್ದರಿಂದ ನಾವೆಲ್ಲ ಕೂಡಿ ಕೇಳೋಣ: ಹೋಬಳಿಗೊಂದು ಖರೀದಿ ಕೇಂದ್ರ ಬೇಕು, ಅಲ್ಲಿ ಕೊಂಡ ರಾಗಿ, ಜೋಳ, ತೊಗರಿ ಅಲ್ಲಿನ ಪಡಿತರದಲ್ಲೇ ಸಿಗಬೇಕು, ಆಪತ್ತಿನ ಕಾಲದಲ್ಲಿ ಹಸಿದವನಿಗೆ ಮೊದಲು ಅಕ್ಕಿ ಅಳೆಯಬೇಕು, ಕಾರ್ಡಿನ ವಿಚಾರಣೆ ಆಮೇಲಾಗಲಿ.